ಐದು ತಿಂಗಳಾಯಿತು, ಮನೆ ನೋಡಲು ಯಾರೂ ಬರುತ್ತಿಲ್ಲ

ಪ್ರಶ್ನೆ: ಮೈಸೂರಿನ ಕುವೆಂಪುನಗರದಲ್ಲಿ ನಮ್ಮ ತಂದೆ ಕಟ್ಟಿಸಿದ ಮನೆಯನ್ನು ಮಾರಾಟಕ್ಕಿಟ್ಟಿದ್ದೇವೆ. ಆಗಿನ ಮುಡಾದಿಂದ (ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರ) ಹಂಚಿಕೆಯಾದ 30×40 ಸೈಟು, ದಕ್ಷಿಣದ ಬಾಗಿಲು. ಕೆಳಗೆ ಹತ್ತು ಚದರ (ಒಂದು ಚದರ ಎಂದರೆ 100 ಚದರಡಿ), 1998ರಲ್ಲಿ ಕಟ್ಟಿದ್ದು. ಮೇಲೆ ಎಂಟು ಚದರ, 2006ರಲ್ಲಿ ಹಾಕಿದ್ದು, ಅದನ್ನು 8 ಲಕ್ಷಕ್ಕೆ ಭೋಗ್ಯಕ್ಕೆ ಕೊಟ್ಟಿದ್ದೇವೆ. ತಂದೆ 2019ರಲ್ಲಿ ತೀರಿಕೊಂಡರು. ವಿಲ್ ಬರೆದಿಲ್ಲ, ಖಾತೆ ಇನ್ನೂ ಅವರ ಹೆಸರಿನಲ್ಲೇ ಇದೆ. ಅಮ್ಮ ಬೆಂಗಳೂರಿನಲ್ಲಿ ತಮ್ಮನ ಜೊತೆ, ತಂಗಿ ಅಮೆರಿಕದಲ್ಲಿ, ನಾನು ಹುಬ್ಬಳ್ಳಿಯಲ್ಲಿ. ಬೀಗದ ಕೈ ಪಕ್ಕದ ಮನೆಯವರ ಹತ್ತಿರ ಇದೆ. ಮೂವರು ಮಕ್ಕಳಿಗೂ ತಲಾ 55 ಲಕ್ಷ ಬರಲಿ ಎಂದು 1 ಕೋಟಿ 65 ಲಕ್ಷ ಹೇಳಿದ್ದೇವೆ. ಹಿಂದಿನ ರಸ್ತೆಯ 40×60 ಸೈಟಿನ ಹಳೇ ಮನೆ ಎರಡು ಕೋಟಿಗೆ ಹೋಗಿದೆ, ಹಾಗಾಗಿ ನಮ್ಮದು ದುಬಾರಿ ಅನ್ನಿಸುವುದಿಲ್ಲ. 2025ರ ಜೂನ್ ಕೊನೆಯಿಂದ ಮೂರು ವೆಬ್‌ಸೈಟಿನಲ್ಲಿ ಹಾಕಿದ್ದೇವೆ, ನಾಲ್ಕು ಬ್ರೋಕರ್‌ಗಳಿಗೆ ಹೇಳಿದ್ದೇವೆ. ಬಂದ ಫೋನು ಏಳೆಂಟು, ನೋಡಲು ಬಂದವರು ಇಬ್ಬರೇ. ಒಬ್ಬ ಬ್ರೋಕರ್ ವಾಸ್ತು ಸರಿಯಿಲ್ಲ, ಬಾಗಿಲು ಬದಲಿಸಿ ಎನ್ನುತ್ತಾರೆ. ಇನ್ನೊಬ್ಬರು ಬಣ್ಣಕ್ಕೆ, ಅಡುಗೆಮನೆಗೆ ನಾಲ್ಕು ಲಕ್ಷ ಹಾಕಿ ಎನ್ನುತ್ತಾರೆ. ಮೂರನೆಯವರು 40 ಲಕ್ಷ ನಗದಿನಲ್ಲಿ ತಗೊಳ್ಳಿ, ಬೇಗ ಹೋಗುತ್ತದೆ ಎನ್ನುತ್ತಾರೆ. ನಾಲ್ಕನೆಯವರು ತಾವೇ 5 ಲಕ್ಷ ಅಡ್ವಾನ್ಸ್ ಕೊಟ್ಟು ಅಗ್ರಿಮೆಂಟ್ ಮಾಡಿಕೊಡಿ ಎಂದು ಕೇಳುತ್ತಿದ್ದಾರೆ. ಯಾರ ಮಾತು ಕೇಳೋಣ?

ಉತ್ತರ: ನಾಲ್ವರದ್ದೂ ಈಗ ಬೇಡ. ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಸಂಗತಿ ಒಂದೇ: ಐದು ತಿಂಗಳಲ್ಲಿ ನೋಡಲು ಬಂದವರು ಇಬ್ಬರು. ಮನೆ ನೋಡಿ ಬೇಡ ಎಂದು ಹೋದವರು ಇಪ್ಪತ್ತು ಜನ ಇದ್ದರೆ ಮನೆಯೊಳಗೆ ಏನೋ ಸರಿಯಿಲ್ಲ ಎಂದು ಹುಡುಕಬಹುದಿತ್ತು. ನಿಮ್ಮ ಮನೆಯ ಗೋಡೆ, ಅಡುಗೆಮನೆ, ನೆಲ ಯಾವುದನ್ನೂ ಆ ಇಬ್ಬರನ್ನು ಬಿಟ್ಟರೆ ಯಾರೂ ನೋಡಿಯೇ ಇಲ್ಲ. ಹಾಗಾಗಿ ಉಳಿದವರು ಅವುಗಳಿಂದ ಹಿಂದೆ ಸರಿದಿರಲು ಸಾಧ್ಯವಿಲ್ಲ. ಕೊಳ್ಳುವವರು ಮನೆಗೆ ಬರುವ ಮುಂಚೆಯೇ, ಬೆಲೆ ನೋಡಿ, ಜಾಹೀರಾತು ಓದಿ, ಫೋನಿನಲ್ಲಿ ನಾಲ್ಕು ಪ್ರಶ್ನೆ ಕೇಳಿ ಬಿಟ್ಟುಬಿಡುತ್ತಿದ್ದಾರೆ. ತೊಂದರೆಯನ್ನು ಹುಡುಕಬೇಕಾದದ್ದು ಅಲ್ಲಿ.

ಎಲ್ಲಿ ನಿಲ್ಲುತ್ತಿದ್ದಾರೆ ಎಂದು ತಿಳಿಯುವುದು ಕಷ್ಟವಲ್ಲ. ವೆಬ್‌ಸೈಟ್‌ಗಳು ಮಾಲೀಕರಿಗೆ ಎಷ್ಟು ಜನ ನೋಡಿದರು ಎಂಬ ಲೆಕ್ಕ ತೋರಿಸುತ್ತವೆ, ಲಾಗಿನ್ ಆಗಿ ನೋಡಿ. ನೋಡಿದವರೇ ಕಡಿಮೆ ಎಂದರೆ ನೀವು ಹೇಳಿದ ಬೆಲೆ ಅವರ ಹುಡುಕಾಟದ ಮಿತಿಗಿಂತ ಹೊರಗಿದೆ, ಇಲ್ಲವೇ ನಕ್ಷೆಯಲ್ಲಿ ಜಾಗ ತಪ್ಪು ಗುರುತಾಗಿದೆ. ನೋಡಿದವರು ಬಹಳ, ಫೋನು ಕಡಿಮೆ ಎಂದರೆ ಬೆಲೆ ಅಥವಾ ಫೋಟೋ. ಫೋನು ಬರುತ್ತದೆ, ಜನ ಬರುವುದಿಲ್ಲ ಎಂದರೆ ಫೋನಿನಲ್ಲಿ ನೀವು ಕೊಡುತ್ತಿರುವ ಉತ್ತರದಲ್ಲಿ ತೊಡಕಿದೆ: ಖಾತೆ, ಭೋಗ್ಯ, ನಗದು, ಬೀಗದ ಕೈ. ನಿಮ್ಮಲ್ಲಿ ಎರಡೂ ಇವೆ. ಫೋನೂ ಕಡಿಮೆ, ಫೋನು ಮಾಡಿದವರಲ್ಲಿ ಬಂದವರೂ ಕಡಿಮೆ.

ಬೆಲೆ

ಮೂವರಿಗೂ ತಲಾ 55 ಲಕ್ಷ ಬರಬೇಕು ಎನ್ನುವುದು ಮನೆಯವರ ಆಸೆ. ಅದು ಸಹಜ, ಅದರಲ್ಲಿ ತಪ್ಪಿಲ್ಲ. ಆದರೆ ಕೊಳ್ಳುವವರಿಗೆ ಆ ಲೆಕ್ಕಕ್ಕೂ ತಮಗೂ ಸಂಬಂಧವಿಲ್ಲ. ಇನ್ನು ಹಿಂದಿನ ರಸ್ತೆಯ ಎರಡು ಕೋಟಿ. ಆ ಅಂಕಿಯನ್ನೇ ಬಿಡಿಸಿ ನೋಡಿ. 40×60 ಎಂದರೆ 2,400 ಚದರಡಿ, ನಿಮ್ಮ ಸೈಟಿನ ಎರಡರಷ್ಟು. ಎರಡು ಕೋಟಿಯನ್ನು 2,400ರಿಂದ ಭಾಗಿಸಿದರೆ ಚದರಡಿಗೆ ಸುಮಾರು 8,330 ರೂಪಾಯಿ. ಹಳೇ ಮನೆ ಆದ್ದರಿಂದ ಕೊಂಡವರು ಕಟ್ಟಡಕ್ಕೆ ಹೆಚ್ಚೇನೂ ಕೊಟ್ಟಿರಲಾರರು, ಬಹುಪಾಲು ಭೂಮಿಯ ಬೆಲೆಯೇ ಅದು. ಸಣ್ಣ ಸೈಟಿಗೆ ಒಟ್ಟು ಬಜೆಟ್ ಕಡಿಮೆ ಇರುವವರೂ ಬರುವುದರಿಂದ ಚದರಡಿ ದರ ಸ್ವಲ್ಪ ಹೆಚ್ಚಿರುತ್ತದೆ, ನಿಮಗೆ 8,500 ಎಂದೇ ಹಿಡಿಯೋಣ. 1,200 ಚದರಡಿಗೆ 1 ಕೋಟಿ 2 ಲಕ್ಷ.

ಕಟ್ಟಡದ ಬೆಲೆಯನ್ನು ಬ್ಯಾಂಕಿನ ಮೌಲ್ಯಮಾಪಕರು ಹಾಕುವ ರೀತಿ ಹೀಗೆ. ಕಾಂಕ್ರೀಟ್ ಮನೆಗೆ ಸಾಮಾನ್ಯವಾಗಿ 60 ವರ್ಷ ಆಯಸ್ಸು ಹಿಡಿಯುತ್ತಾರೆ. ಕೊನೆಯಲ್ಲಿ ಉಳಿಯುವ ಸಾಮಾನಿಗೆ ಶೇ 10 ಬಿಟ್ಟು, ಉಳಿದ ಶೇ 90ನ್ನು ವರ್ಷಕ್ಕಿಷ್ಟು ಎಂದು ಕಳೆಯುತ್ತಾರೆ. ಇಂದು ಅಂಥ ಮನೆ ಕಟ್ಟಲು ಚದರಡಿಗೆ 2,100 ರೂಪಾಯಿ ಎಂದುಕೊಂಡರೆ, ಕೆಳಗಿನ ಹತ್ತು ಚದರಕ್ಕೆ 21 ಲಕ್ಷ. 27 ವರ್ಷದ ಸವಕಳಿ ಶೇ 40.5, ಉಳಿಯುವುದು ಸುಮಾರು 12.5 ಲಕ್ಷ. ಮೇಲಿನ ಎಂಟು ಚದರಕ್ಕೆ 16.8 ಲಕ್ಷ. 19 ವರ್ಷಕ್ಕೆ ಶೇ 28.5 ಕಳೆದರೆ 12 ಲಕ್ಷ. ಎಲ್ಲ ಸೇರಿ 1 ಕೋಟಿ 26.5 ಲಕ್ಷ. ನಿಮ್ಮ ಬೆಲೆಗೂ ಇದಕ್ಕೂ 38 ಲಕ್ಷಕ್ಕಿಂತ ಹೆಚ್ಚು ಅಂತರವಿದೆ. ನಿಮ್ಮದು ದುಬಾರಿ ಅಲ್ಲ ಎನ್ನಲು ನೀವು ತೋರಿಸಿದ ಮಾರಾಟವೇ ನಿಮ್ಮದು ದುಬಾರಿ ಎಂದು ಹೇಳುತ್ತಿದೆ.

ಈ 38 ಲಕ್ಷವನ್ನು ಚೌಕಾಸಿ ಮಾಡಿ ಇಳಿಸಿಕೊಳ್ಳಲಿ, ಬರಲಿ ಮೊದಲು ಎಂದು ಬಹಳ ಜನ ಕೇಳುತ್ತಾರೆ. ಅವರು ಬರುವುದಿಲ್ಲ, ಕಾರಣ ಸಾಲದ ಲೆಕ್ಕ. ರಿಸರ್ವ್ ಬ್ಯಾಂಕ್ ನಿಯಮದಂತೆ 75 ಲಕ್ಷಕ್ಕಿಂತ ಹೆಚ್ಚಿನ ಗೃಹಸಾಲದಲ್ಲಿ ಬ್ಯಾಂಕು ಆಸ್ತಿ ಮೌಲ್ಯದ ಶೇ 75ರವರೆಗೆ ಮಾತ್ರ ಕೊಡಬಹುದು. ಮೌಲ್ಯ ಎಂದರೆ ನೀವು ಹೇಳಿದ ಬೆಲೆ ಅಲ್ಲ, ಅಗ್ರಿಮೆಂಟ್ ಬೆಲೆ ಮತ್ತು ಮೌಲ್ಯಮಾಪಕರು ಬರೆದ ಬೆಲೆ ಇವೆರಡರಲ್ಲಿ ಕಡಿಮೆ ಯಾವುದೋ ಅದು. 1 ಕೋಟಿ 26.5 ಲಕ್ಷಕ್ಕೆ ಶೇ 75 ಎಂದರೆ ಸುಮಾರು 95 ಲಕ್ಷ. ನಿಮ್ಮ ಬೆಲೆಗೆ ಕೊಳ್ಳುವವರು ಉಳಿದ 70 ಲಕ್ಷವನ್ನು ಕೈಯಿಂದ ತರಬೇಕು. ಅದರ ಮೇಲೆ ಮುದ್ರಾಂಕ ಶುಲ್ಕ ಶೇ 5, ಅದರ ಸೆಸ್ಸು ಮತ್ತು ಸರ್‌ಚಾರ್ಜ್ ಸೇರಿ ನಗರದಲ್ಲಿ ಶೇ 5.6, ನೋಂದಣಿ ಶುಲ್ಕ ಶೇ 2. ಈ ನೋಂದಣಿ ಶುಲ್ಕ 2025ರ ಆಗಸ್ಟ್ 30ರವರೆಗೆ ಶೇ 1 ಇತ್ತು, ನೀವು ಮನೆ ಮಾರಾಟಕ್ಕಿಟ್ಟ ಎರಡು ತಿಂಗಳಿಗೆ ಇಮ್ಮಡಿಯಾಯಿತು. ಒಟ್ಟು ಶೇ 7.6 ಎಂದರೆ 1 ಕೋಟಿ 65 ಲಕ್ಷಕ್ಕೆ ಹನ್ನೆರಡೂವರೆ ಲಕ್ಷ. ಈ ಶುಲ್ಕಗಳನ್ನು ಸಾಲದ ಮೌಲ್ಯಕ್ಕೆ ಸೇರಿಸಿಕೊಳ್ಳುವುದಿಲ್ಲ. ಅಂದರೆ ನಿಮ್ಮ ಮನೆ ಕೊಳ್ಳಲು ಸ್ವಂತ ದುಡ್ಡು 82 ಲಕ್ಷ ಬೇಕು. ಅದೇ 1 ಕೋಟಿ 30 ಲಕ್ಷ ಎಂದು ಹೇಳಿದರೆ ಸುಮಾರು 45 ಲಕ್ಷ ಸಾಕು. 45 ಲಕ್ಷ ಉಳಿತಾಯ ಇರುವ, ಸಂಬಳದ ಮೇಲೆ ಸಾಲ ಸಿಗುವ ಗಂಡ ಹೆಂಡತಿ ಮೈಸೂರಿನಲ್ಲಿ ಬೇಕಾದಷ್ಟಿದ್ದಾರೆ. 82 ಲಕ್ಷ ಕೈಯಲ್ಲಿರುವವರು ದಕ್ಷಿಣದ ಬಾಗಿಲಿನ 27 ವರ್ಷದ ಮನೆಯನ್ನು ಹುಡುಕುವುದಿಲ್ಲ, ಅವರಿಗೆ ಹೊಸ ಮನೆಯೇ ಸಿಗುತ್ತದೆ.

ನನ್ನ ಲೆಕ್ಕದ ದರಗಳು ನಿಮ್ಮ ಪತ್ರದ ಒಂದು ಮಾರಾಟದ ಮೇಲೆ ನಿಂತಿವೆ. ಅವುಗಳನ್ನು ಪಕ್ಕಾ ಮಾಡಿಕೊಳ್ಳಿ. ಅಕ್ಕಪಕ್ಕದ ರಸ್ತೆಗಳಲ್ಲಿ ಕಳೆದ ಒಂದು ವರ್ಷದಲ್ಲಿ ಮಾರಾಟವಾದ ಮೂರು ನಾಲ್ಕು ಆಸ್ತಿಗಳ ಋಣಭಾರ ಪತ್ರ, ಅಂದರೆ ಇಸಿ, ನೋಂದಣಿ ಇಲಾಖೆಯ ಜಾಲತಾಣವಾದ ಕಾವೇರಿ 2.0ರಲ್ಲಿ ತೆಗೆಸಿದರೆ ನೋಂದಣಿಯಾದ ಬೆಲೆ ಕಾಣುತ್ತದೆ. ಕೆಲವರು ಪತ್ರದಲ್ಲಿ ಮಾರ್ಗಸೂಚಿ ದರವನ್ನಷ್ಟೇ, ಅಂದರೆ ನೋಂದಣಿಗೆ ಸರ್ಕಾರ ಗೊತ್ತುಮಾಡಿದ ದರವನ್ನಷ್ಟೇ, ಬರೆದಿರುತ್ತಾರೆ, ಹಾಗಾಗಿ ಒಂದನ್ನೇ ನಂಬಬೇಡಿ. ವೆಬ್‌ಸೈಟಿನಲ್ಲಿ ಇತರರು ಹೇಳಿರುವ ಬೆಲೆ ಲೆಕ್ಕಕ್ಕೆ ಬರುವುದಿಲ್ಲ, ಅವು ಮಾರಾಟವಾಗದೆ ಉಳಿದಿರುವ ಮನೆಗಳ ಬೆಲೆ. ಜೊತೆಗೆ ನೋಂದಾಯಿತ ಮೌಲ್ಯಮಾಪಕರೊಬ್ಬರಿಂದ ವರದಿ ಬರೆಸಿ. ಅವರಿಂದಲೇ 2001ರ ಏಪ್ರಿಲ್ 1ರ ಮೌಲ್ಯವನ್ನೂ ಬರೆಸಿಕೊಳ್ಳಿ. ಸೈಟು ಮತ್ತು ಕೆಳಮನೆ ಅದಕ್ಕೂ ಮುಂಚಿನವು, ಹಾಗಾಗಿ ಬಂಡವಾಳ ಲಾಭ ತೆರಿಗೆಯ ಲೆಕ್ಕದಲ್ಲಿ ತಂದೆಯವರು ಕೊಟ್ಟ ಅಂದಿನ ಬೆಲೆಯ ಬದಲು ಆ ಮೌಲ್ಯವನ್ನು ಹಿಡಿಯಬಹುದು.

ಬೆಲೆಯನ್ನು ಎಷ್ಟು ಬೇಕಾದರೂ ಇಳಿಸಬಹುದು ಎಂದಲ್ಲ. ಮಾರ್ಗಸೂಚಿ ದರಕ್ಕಿಂತ ಕೆಳಗೆ ಹೋದರೆ ಮುದ್ರಾಂಕ ಶುಲ್ಕ ಆ ದರಕ್ಕೇ ಕಟ್ಟಬೇಕು. ಶೇ 10ಕ್ಕಿಂತ ಹೆಚ್ಚು ವ್ಯತ್ಯಾಸವಾದರೆ ಆದಾಯ ತೆರಿಗೆಯವರು ನಿಮಗೂ ಕೊಂಡವರಿಗೂ ಆ ದರದಂತೆಯೇ ಲೆಕ್ಕ ಹಾಕುತ್ತಾರೆ.

ಇಳಿಸುವುದಾದರೆ ಒಂದೇ ಸಲ ಇಳಿಸಿ. ತಿಂಗಳಿಗೆ ಎರಡೆರಡು ಲಕ್ಷ ಕಡಿಮೆ ಮಾಡುತ್ತ ಬಂದರೆ ನೋಡುವವರು ಇನ್ನೂ ಕಾಯೋಣ ಎಂದುಕೊಳ್ಳುತ್ತಾರೆ. ಬೆಲೆ ಇಳಿಸಿದರೆ ಮನೆಯಲ್ಲಿ ಏನೋ ದೋಷವಿದೆ ಎಂದು ಅನುಮಾನ ಬರುತ್ತದೆ ಎನ್ನುವ ಮಾತು ಇಂಥ ಕಂತಿನ ಇಳಿಕೆಗೆ ನಿಜ. ಸರಿಯಾದ ಬೆಲೆಗೆ ಒಮ್ಮೆಗೇ ಬಂದರೆ ಹಾಗಾಗುವುದಿಲ್ಲ.

ಕಾಗದ

ಇದು ನಿಮ್ಮ ಎರಡನೆಯ, ಬಹುಶಃ ಬೆಲೆಯಷ್ಟೇ ದೊಡ್ಡ ತೊಡಕು. 2024ರ ಅಕ್ಟೋಬರ್‌ನಿಂದ ರಾಜ್ಯದಲ್ಲಿ ಇ-ಖಾತೆ (ಖಾತೆಯ ಡಿಜಿಟಲ್ ರೂಪ) ಇಲ್ಲದೆ ನಗರದ ಆಸ್ತಿ ನೋಂದಣಿ ಆಗುವುದಿಲ್ಲ. ಫೋನು ಮಾಡಿದವರು ಕೇಳುವ ಮೊದಲ ಪ್ರಶ್ನೆಯೇ ಇ-ಖಾತೆ ಆಗಿದೆಯಾ ಎನ್ನುವುದು. ಖಾತೆ ತಂದೆಯವರ ಹೆಸರಿನಲ್ಲಿದೆ, ಮಾಡಿಸಬೇಕು ಎಂದು ನೀವು ಉತ್ತರ ಕೊಟ್ಟ ಕ್ಷಣವೇ ಆ ಫೋನು ಮುಗಿದಂತೆ.

ಮಕ್ಕಳು ಮೂವರಿಗೆ ಎಂದು ನೀವು ಭಾಗ ಹಾಕಿದ್ದೀರಿ. ಸೈಟು ತಂದೆಯವರ ಸ್ವಂತ ಹೆಸರಿಗೆ ಹಂಚಿಕೆಯಾಗಿದ್ದು, ವಿಲ್ ಇಲ್ಲದಿದ್ದರೆ, ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಅಮ್ಮನೂ ನಿಮ್ಮಷ್ಟೇ ಹಕ್ಕುದಾರರು. ನಾಲ್ವರಿಗೂ ನಾಲ್ಕನೆಯ ಒಂದು ಪಾಲು. ಅಜ್ಜಿ, ಅಂದರೆ ತಂದೆಯ ತಾಯಿ, ಆಗ ಬದುಕಿದ್ದರೆ ಅವರದೂ ಒಂದು ಪಾಲು. ಅಮ್ಮ ತಮ್ಮ ಪಾಲನ್ನು ಮಕ್ಕಳಿಗೆ ಕೊಡುವುದು ಅವರ ಇಷ್ಟ. ಆದರೆ ಕ್ರಯಪತ್ರಕ್ಕೆ ಅವರ ಸಹಿ ಬೇಕೇ ಬೇಕು, ಆ ಮಾತನ್ನು ಅವರ ಹತ್ತಿರ ಮೊದಲೇ ಆಡಿ.

ಮಾಡಬೇಕಾದ ಕ್ರಮ ಹೇಳುತ್ತೇನೆ. ಮರಣ ಪ್ರಮಾಣಪತ್ರ ಇಟ್ಟು ನಾಡಕಚೇರಿಯಲ್ಲಿ ವಂಶವೃಕ್ಷ ಮಾಡಿಸಿ. ಪ್ರಾಧಿಕಾರದ ಹಂಚಿಕೆ ಪತ್ರ, ಸ್ವಾಧೀನ ಪತ್ರ, ಕ್ರಯಪತ್ರ ಮೂರೂ ಇವೆಯೇ ನೋಡಿ. ಎಷ್ಟೋ ಮನೆಗಳಲ್ಲಿ ಗುತ್ತಿಗೆ ಸಹಿತ ಮಾರಾಟದ ಕರಾರು ಮಾತ್ರ ಇರುತ್ತದೆ, ಅಂತಿಮ ಕ್ರಯಪತ್ರ ಮಾಡಿಸಿಕೊಂಡೇ ಇರುವುದಿಲ್ಲ. ಹಾಗಿದ್ದರೆ ಅದೇ ಮೊದಲ ಕೆಲಸ. ನಂತರ ಪಾಲಿಕೆಯ ವಲಯ ಕಚೇರಿಯಲ್ಲಿ ನಾಲ್ವರ ಹೆಸರಿಗೂ ಪೌತಿ ಖಾತೆ (ತೀರಿಕೊಂಡವರ ಖಾತೆಯನ್ನು ವಾರಸುದಾರರಿಗೆ ಬದಲಿಸುವುದು), ಅದರ ಹಿಂದೆಯೇ ಇ-ಖಾತೆ. ತೆರಿಗೆ ರಸೀದಿ, ವಿದ್ಯುತ್ ಬಿಲ್, ಇಸಿ, ಆಧಾರ್ ಸಿದ್ಧವಿರಲಿ. ಆಧಾರ್‌ನಲ್ಲಿರುವ ಹೆಸರಿಗೂ ಪತ್ರದಲ್ಲಿರುವ ಹೆಸರಿಗೂ ಇನಿಶಿಯಲ್ ವ್ಯತ್ಯಾಸವಿದ್ದರೆ ಅಲ್ಲೇ ವಾರಗಟ್ಟಲೆ ನಿಲ್ಲುತ್ತದೆ, ಮೊದಲೇ ಹೋಲಿಸಿ ನೋಡಿ. ಬ್ಯಾಂಕಿನ ವಕೀಲರು ಸಾಮಾನ್ಯವಾಗಿ 30 ವರ್ಷದ ಇಸಿ ಕೇಳುತ್ತಾರೆ. ಆನ್‌ಲೈನಿನಲ್ಲಿ ಸಿಗುವುದು 2004ರಿಂದ ಈಚಿನದು, ಅದರ ಹಿಂದಿನದನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಅರ್ಜಿ ಕೊಟ್ಟು ತೆಗೆಸಬೇಕು. ಖಾತೆಯೆಂಬುದು ತೆರಿಗೆಯ ದಾಖಲೆ, ಮಾಲೀಕತ್ವ ಬರುವುದು ಪತ್ರಗಳಿಂದ. ಆದ್ದರಿಂದ ಇ-ಖಾತೆಯೊಂದು ಬಂತೆಂದು ಉಳಿದದ್ದನ್ನು ಬಿಡಬೇಡಿ.

2006ರಲ್ಲಿ ಹಾಕಿದ ಮಹಡಿಗೆ ಮಂಜೂರಾದ ನಕ್ಷೆ ಇದೆಯೇ ಎಂದು ನೀವು ಬರೆದಿಲ್ಲ. ಇಲ್ಲದಿದ್ದರೆ ಕೆಲವು ಮೌಲ್ಯಮಾಪಕರು ಆ 12 ಲಕ್ಷವನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಸಾಲ 95ರಿಂದ 86 ಲಕ್ಷಕ್ಕೆ ಇಳಿಯುತ್ತದೆ, ಕೊಳ್ಳುವವರ ಕೈಗೆ ಇನ್ನೊಂಬತ್ತು ಲಕ್ಷದ ಭಾರ. ನಕ್ಷೆ ಇಲ್ಲವೆಂದರೆ ಅದನ್ನು ಮುಚ್ಚಿಡದೆ ಬೆಲೆ ಇಡುವಾಗಲೇ ಲೆಕ್ಕಕ್ಕೆ ತನ್ನಿ.

ತಂಗಿಯವರ ವಿಷಯ. ಮಾರುವವರೆಲ್ಲ ಇಲ್ಲೇ ವಾಸವಿದ್ದರೆ 50 ಲಕ್ಷ ಮತ್ತು ಮೇಲಿನ ವಹಿವಾಟಿಗೆ ಕೊಳ್ಳುವವರು ಶೇ 1 ಟಿಡಿಎಸ್ (ಹಣ ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ) ಹಿಡಿದು ಕಟ್ಟಿದರೆ ಆಯಿತು. ಅನಿವಾಸಿ ಮಾರಾಟಗಾರರಿಗೆ ಬೇರೆ ನಿಯಮ. ಅವರ ಪಾಲಿಗೆ ಬಂಡವಾಳ ಲಾಭದ ದರದಲ್ಲಿ, ಶೇ 12.5 ಮತ್ತು ಅದರ ಮೇಲಿನ ಸೆಸ್ಸು ಸೇರಿಸಿ ಹಿಡಿಯಬೇಕು. ಲಾಭ ಎಷ್ಟೆಂದು ಕೊಳ್ಳುವವರಿಗೆ ತಿಳಿಯದ ಕಾರಣ ಇಡೀ ಪಾಲಿನ ಮೊತ್ತಕ್ಕೇ ಹಿಡಿದುಬಿಡುತ್ತಾರೆ. ಹಿಡಿಯದೆ ಬಿಟ್ಟರೆ ತಮ್ಮ ತಲೆಗೆ ಬರುತ್ತದೆ ಎಂಬ ಅವರ ಭಯ ನ್ಯಾಯವಾದದ್ದು. ತಂಗಿಯವರು ಆದಾಯ ತೆರಿಗೆ ಇಲಾಖೆಯಿಂದ ಕಡಿಮೆ ಕಡಿತದ ಪ್ರಮಾಣಪತ್ರ ತೆಗೆದುಕೊಂಡರೆ ಈ ಗೋಜಲು ಬಗೆಹರಿಯುತ್ತದೆ. ಅದನ್ನು ಮಾಡಿಸಿಕೊಳ್ಳುತ್ತೇವೆ ಎಂದು ಮೊದಲ ಮಾತುಕತೆಯಲ್ಲೇ ಹೇಳಿ. ಸಹಿಗೆ ಬರಲಾಗದಿದ್ದರೆ ಈ ಆಸ್ತಿಗೆ ಮಾತ್ರ ಸೀಮಿತವಾದ ಅಧಿಕಾರಪತ್ರವನ್ನು ಅಲ್ಲಿಯೇ ನೋಟರಿ ಮಾಡಿಸಿ, ಅಪಾಸ್ಟೀಲ್ (ಅಲ್ಲಿನ ಸರ್ಕಾರದ ದೃಢೀಕರಣ ಮುದ್ರೆ) ಅಥವಾ ಭಾರತೀಯ ಕಾನ್ಸುಲೇಟಿನ ದೃಢೀಕರಣದೊಂದಿಗೆ ಕಳುಹಿಸಲಿ. ಅದು ಭಾರತಕ್ಕೆ ಬಂದ ಮೂರು ತಿಂಗಳೊಳಗೆ ಜಿಲ್ಲಾ ನೋಂದಣಾಧಿಕಾರಿ ಕಚೇರಿಯಲ್ಲಿ ಮುದ್ರಾಂಕ ಶುಲ್ಕ ಕಟ್ಟಬೇಕು. ತಂಗಿ ಹಕ್ಕು ಬಿಡುಗಡೆ ಪತ್ರ ಬರೆದುಕೊಟ್ಟರೆ ಸುಲಭವಲ್ಲವೇ ಎಂದು ಯಾರಾದರೂ ಹೇಳಬಹುದು. ಸಹಿಗಳ ಸಂಖ್ಯೆ ಕಡಿಮೆಯಾಗುತ್ತದೆ ನಿಜ, ಆದರೆ ಅಂದಿನಿಂದ ಕಾನೂನಿನಲ್ಲಿ ಅವರಿಗೆ ಆ ಮನೆಯಲ್ಲಿ ಏನೂ ಉಳಿಯುವುದಿಲ್ಲ. ಬರೀ ಅನುಕೂಲಕ್ಕಾಗಿ ಹಾಗೆ ಮಾಡಿಸಬೇಡಿ.

ಭೋಗ್ಯದ ಮನೆ

ಸಾಲ ಕೊಡುವ ಬ್ಯಾಂಕು ಭೋಗ್ಯದವರು ಇರುವ ಮನೆಗೆ ಹಿಂಜರಿಯುತ್ತದೆ. ಕರಾರು ನೋಂದಣಿಯಾಗಿದ್ದರೆ ಇಸಿಯಲ್ಲಿ ಕಾಣುತ್ತದೆ, ಹಣ ಹಿಂದಿರುಗಿಸಿ ಬಿಡುಗಡೆ ಪತ್ರ ನೋಂದಣಿ ಮಾಡಿಸುವವರೆಗೆ ಅದು ಅಲ್ಲೇ ಇರುತ್ತದೆ. ಬರೀ ಸ್ಟ್ಯಾಂಪ್ ಪೇಪರಿನ ಕರಾರಾದರೆ ಇಸಿಯಲ್ಲಿ ಕಾಣುವುದಿಲ್ಲ, ಆದರೆ ಮೇಲೆ ಜನ ವಾಸವಿರುವುದು ಎಲ್ಲರಿಗೂ ಕಾಣುತ್ತದೆ. ಎಂಟು ಲಕ್ಷ ಕೊಟ್ಟು ಕೂತವರನ್ನು ಯಾರು ಬಿಡಿಸುತ್ತಾರೆ ಎಂಬ ಪ್ರಶ್ನೆಗೆ ನಿಮ್ಮಲ್ಲಿ ಖಚಿತ ಉತ್ತರವಿರಬೇಕು.

ನನ್ನ ಸಲಹೆ, ನೀವು ಮೂವರೂ ಸೇರಿ ಎಂಟು ಲಕ್ಷ ಹೊಂದಿಸಿ ಈಗಲೇ ಬಿಡಿಸಿ. ಕೊಳ್ಳುವವರ ಅಡ್ವಾನ್ಸ್‌ನಿಂದ ತೀರಿಸೋಣ ಎಂದರೆ ಒಂದು ಅಪಾಯವಿದೆ. ಅಡ್ವಾನ್ಸ್ ಭೋಗ್ಯದವರಿಗೆ ಹೋಗಿರುತ್ತದೆ, ವ್ಯವಹಾರ ಮುರಿದುಬಿದ್ದರೆ ಹಿಂದಿರುಗಿಸಲು ನಿಮ್ಮ ಕೈಯಲ್ಲಿ ದುಡ್ಡಿರುವುದಿಲ್ಲ. ಅನಿವಾರ್ಯವಾದರೆ ಭೋಗ್ಯದವರನ್ನೂ ಕೂರಿಸಿಕೊಂಡು, ಕೊಳ್ಳುವವರು ಎಂಟು ಲಕ್ಷವನ್ನು ನೇರವಾಗಿ ಅವರ ಬ್ಯಾಂಕ್ ಖಾತೆಗೆ ಹಾಕುವುದು, ಅವರು ಇಂಥ ದಿನ ಖಾಲಿ ಮಾಡುವುದು ಎಂದು ಮೂವರೂ ಸಹಿ ಮಾಡಿದ ಕಾಗದ ಬರೆಸಿ. ಬಾಡಿಗೆ ಬರುವ ಮಹಡಿ ಕೊಳ್ಳುವವರಿಗೆ ಆಕರ್ಷಣೆ ಎನ್ನುವುದು ತಿಂಗಳ ಬಾಡಿಗೆಯ ಮಟ್ಟಿಗೆ ಸರಿ. ಭೋಗ್ಯದಲ್ಲಿ ಅವರಿಗೆ ಬರುವುದು ಸಾಲ ಮಾತ್ರ.

ವಾಸ್ತು, ಬಣ್ಣ, ನಗದು, ಅಗ್ರಿಮೆಂಟು

ದಕ್ಷಿಣದ ಬಾಗಿಲಿಗೆ ಗಿರಾಕಿ ಕಡಿಮೆ ಎನ್ನುವುದು ನಿಜ. ಪೂರ್ವ, ಉತ್ತರ ಮಾತ್ರ ಬೇಕು ಎಂದು ಹುಡುಕುವವರು ಬಹಳ. ಆದರೆ ಅದಕ್ಕೆ ಪರಿಹಾರ ಬೆಲೆಯಲ್ಲಿದೆ, ಗಾರೆ ಕೆಲಸದಲ್ಲಿ ಇಲ್ಲ. ನಿಮ್ಮದು ಮೂಲೆ ಸೈಟಲ್ಲದಿದ್ದರೆ ರಸ್ತೆ ಇರುವುದು ದಕ್ಷಿಣಕ್ಕೇ. ಒಳಬಾಗಿಲನ್ನು ಪೂರ್ವಕ್ಕೆ ತಿರುಗಿಸಿದರೂ ಗೇಟು ದಕ್ಷಿಣಕ್ಕೇ ಉಳಿಯುತ್ತದೆ, ನಂಬುವವರು ಅದನ್ನು ಒಪ್ಪುವುದಿಲ್ಲ, ನಂಬದವರಿಗೆ ಅದು ಬೇಕಿಲ್ಲ. ಹಳೇ ಗೋಡೆ ಒಡೆದು ಬಿರುಕು ತರಿಸಿಕೊಳ್ಳುವುದಷ್ಟೇ ಆಗುತ್ತದೆ. ದಿಕ್ಕನ್ನು ಜಾಹೀರಾತಿನಲ್ಲೇ ಬರೆಯಿರಿ. ದಕ್ಷಿಣ ಬೇಡದವರು ಬಂದು ನೋಡಿ ಹೋಗುವುದರಿಂದ ನಿಮಗೇನೂ ಸಿಗುವುದಿಲ್ಲ.

ಬಣ್ಣಕ್ಕೆ, ಅಡುಗೆಮನೆಗೆ ನಾಲ್ಕು ಲಕ್ಷವಂತೂ ಬೇಡವೇ ಬೇಡ. ಹಳೇ ಮನೆ ಕೊಳ್ಳುವವರು ಅಡುಗೆಮನೆಯನ್ನು ತಮಗೆ ಬೇಕಾದಂತೆ ಕಿತ್ತು ಮಾಡಿಸಿಕೊಳ್ಳುತ್ತಾರೆ. ತಾರಸಿಯ ಸೋರಿಕೆ ನಿಲ್ಲಿಸಿ, ತೇವದ ಕಲೆಯಿರುವ ಗೋಡೆಗಷ್ಟೇ ಸುಣ್ಣ ಬಣ್ಣ ಮಾಡಿಸಿ, ಸಂಪು ತೊಳೆಸಿ, ಎಲ್ಲ ಬಲ್ಬು, ನಲ್ಲಿ, ಚಿಲಕ ಕೆಲಸ ಮಾಡುವಂತೆ ನೋಡಿಕೊಳ್ಳಿ. ತಂದೆಯವರ ಹಳೇ ಮಂಚ, ಪೆಟ್ಟಿಗೆ, ಪತ್ರಿಕೆಯ ಕಟ್ಟುಗಳನ್ನು ತೆರವು ಮಾಡಿ. ಬೀಗ ಹಾಕಿದ ಮನೆಯಾದ್ದರಿಂದ ಬಾಗಿಲ ಚೌಕಟ್ಟಿನಲ್ಲಿ ಗೆದ್ದಲು ಹಿಡಿದಿದೆಯೇ ನೋಡಿ, ಮೋಟರನ್ನು ವಾರಕ್ಕೊಮ್ಮೆ ಓಡಿಸಲು ಹೇಳಿ.

ನಗದಿನ ಸಲಹೆ ಅಪಾಯಕಾರಿ. ಸ್ಥಿರಾಸ್ತಿ ಮಾರಾಟದಲ್ಲಿ 20,000 ರೂಪಾಯಿ ಮತ್ತು ಮೇಲೆ ನಗದು ಪಡೆಯುವಂತಿಲ್ಲ, ಪಡೆದವರಿಗೆ ಪಡೆದಷ್ಟೇ ದಂಡ ಬೀಳುತ್ತದೆ. ಕಾನೂನು ಒತ್ತಟ್ಟಿಗಿರಲಿ, 40 ಲಕ್ಷ ನಗದು ಎಂದು ಫೋನಿನಲ್ಲಿ ಕೇಳಿದ ಕೂಡಲೇ ಸಾಲದ ಮೇಲೆ ಕೊಳ್ಳುವ ಸಂಬಳದವರೆಲ್ಲ ದೂರವಾಗುತ್ತಾರೆ. ನಿಮ್ಮ ಮನೆಗೆ ಗಿರಾಕಿಗಳು ಅವರೇ. ಆ ಬ್ರೋಕರ್ ಈಗಾಗಲೇ ಎಷ್ಟು ಜನಕ್ಕೆ ಹೀಗೆ ಹೇಳಿದ್ದಾರೋ ವಿಚಾರಿಸಿ.

ಬ್ರೋಕರ್ ಹೆಸರಿಗೆ ಅಗ್ರಿಮೆಂಟ್ ಮಾತ್ರ ಯಾವ ಕಾರಣಕ್ಕೂ ಬೇಡ. ಅಂಥ ಕರಾರಿನಲ್ಲಿ ಅವರಿಗೆ ಅಥವಾ ಅವರು ಸೂಚಿಸಿದವರಿಗೆ ಎಂದು ಬರೆಸುತ್ತಾರೆ. ಐದು ಲಕ್ಷಕ್ಕೆ ಇಡೀ ಮನೆ ಕಟ್ಟಿಬೀಳುತ್ತದೆ, ಅವರು ಹೆಚ್ಚಿನ ಬೆಲೆಯವರನ್ನು ಹುಡುಕುತ್ತ ಅವಧಿ ತಳ್ಳುತ್ತಾರೆ. ಸಿಗದಿದ್ದರೆ, ನೀವು ಬೇರೆಯವರಿಗೆ ಮಾರಲು ಹೊರಟಾಗ ಕರಾರಿನಂತೆ ನಡೆದುಕೊಳ್ಳಿ ಎಂದು ಕೋರ್ಟಿಗೆ ಹೋಗಬಹುದು. ದಾವೆ ಬಿದ್ದ ಮನೆಗೆ ಬ್ಯಾಂಕ್ ಸಾಲ ಸಿಗುವುದಿಲ್ಲ.

ಬ್ರೋಕರ್‌ಗಳೇ ಬೇಡ ಎಂದಲ್ಲ. ನಾಲ್ವರ ಬದಲು ಒಬ್ಬರು ಸಾಕು. ಪರಿಚಿತರೊಬ್ಬರಿಂದ ನಾಲ್ವರಿಗೂ ಫೋನು ಮಾಡಿಸಿ ನಿಮ್ಮ ಮನೆಯ ಬೆಲೆ ಕೇಳಿಸಿ. ನಾಲ್ಕು ಬೆಲೆ ಬಂದರೆ ಆಶ್ಚರ್ಯ ಪಡಬೇಡಿ, ಒಬ್ಬೊಬ್ಬರು ತಮ್ಮದೊಂದಿಷ್ಟು ಸೇರಿಸಿ ಹೇಳುತ್ತಾರೆ. ಒಂದೇ ಮನೆಗೆ ಮೂರು ಬೆಲೆ ಕೇಳಿದ ಗಿರಾಕಿ ಮತ್ತೆ ಫೋನು ಮಾಡುವುದಿಲ್ಲ. ಆಯ್ದ ಒಬ್ಬರಿಗೆ 90 ದಿನದ ಮಟ್ಟಿಗೆ ಬರಹದಲ್ಲಿ ಕೊಡಿ: ಹೇಳುವ ಬೆಲೆ ಒಂದೇ, ಶೇ 1 ಕಮಿಷನ್, ಅದೂ ನೋಂದಣಿಯ ದಿನ, ಪ್ರತಿ ಭಾನುವಾರ ಸಂಜೆ ಯಾರು ಕೇಳಿದರು, ಏನೆಂದರು ಎಂಬ ವರದಿ. ಉಳಿದವರ ಜಾಹೀರಾತು, ಗೇಟಿನ ಬೋರ್ಡು ತೆಗೆಸಿ.

ಜಾಹೀರಾತು ಮತ್ತು ಬೀಗದ ಕೈ

ಹಳೇ ಜಾಹೀರಾತಿಗೆ ಬೆಲೆ ತಿದ್ದಬೇಡಿ. ಅಳಿಸಿ, ಹೊಸದಾಗಿ ಹಾಕಿ. ಮನೆ ಹುಡುಕುವವರಿಗೆ ಹೊಸದು ಮೊದಲು ಕಾಣುತ್ತದೆ, ಮೊದಲ ಎರಡು ಮೂರು ವಾರದಲ್ಲೇ ಹೆಚ್ಚು ಜನ ನೋಡುತ್ತಾರೆ. ನಿಮ್ಮ ಆ ವಾರಗಳು ಆಷಾಢದಲ್ಲಿ ಕಳೆದುಹೋದವು.

ಮೊದಲ ಫೋಟೋ ಎದುರು ರಸ್ತೆಯಿಂದ, ಫೋನನ್ನು ಅಡ್ಡ ಹಿಡಿದು, ಇಡೀ ಮುಂಭಾಗ ಮತ್ತು ರಸ್ತೆಯ ಅಗಲ ಕಾಣುವಂತೆ ತೆಗೆಯಿರಿ. ದಕ್ಷಿಣದ ಮುಖಕ್ಕೆ ಈ ಚಳಿಗಾಲದಲ್ಲಿ ಚೆನ್ನಾಗಿ ಬಿಸಿಲು ಬೀಳುತ್ತದೆ, ಬೆಳಗ್ಗೆ ಎಂಟರಿಂದ ಹತ್ತು ಒಳ್ಳೆಯ ಹೊತ್ತು. ಒಳಗಿನ ಚಿತ್ರಗಳಲ್ಲಿ ಕಿಟಕಿ ತೆರೆದಿರಲಿ, ಪ್ರತಿ ಕೋಣೆಗೆ ಒಂದು, ಬಚ್ಚಲು, ತಾರಸಿ, ಸಂಪು, ಕಾರು ನಿಲ್ಲುವ ಜಾಗ ಸೇರಿ ಹದಿನೈದು ಸಾಕು. ಕೋಣೆಗಳ ಅಳತೆ ಬರೆದ ಕೈನಕ್ಷೆಯ ಚಿತ್ರವೂ ಇರಲಿ. ಬರಹದಲ್ಲಿ ವಿಶೇಷಣ ಬೇಡ, ಇಷ್ಟು ಸಾಕು: "ಕುವೆಂಪುನಗರ, ಪ್ರಾಧಿಕಾರದ ಸೈಟು 30×40, ದಕ್ಷಿಣದ ಬಾಗಿಲು, ರಸ್ತೆ ಇಷ್ಟು ಅಡಿ. ಕೆಳಗೆ 10 ಚದರ (1998), ಮೇಲೆ 8 ಚದರ (2006), ಮೇಲಕ್ಕೆ ಪ್ರತ್ಯೇಕ ಮೆಟ್ಟಿಲು. ಎರಡೂ ಮನೆ ಖಾಲಿ. ಇ-ಖಾತೆ ಆಗಿದೆ, 30 ವರ್ಷದ ಇಸಿ ಇದೆ, ಬ್ಯಾಂಕ್ ಸಾಲಕ್ಕೆ ಕಾಗದ ಸಿದ್ಧ. ಪೂರ್ತಿ ಹಣ ಬ್ಯಾಂಕ್ ಮೂಲಕ. ಭಾನುವಾರ 10ರಿಂದ 1ರವರೆಗೆ ಬಂದು ನೋಡಬಹುದು. 1 ಕೋಟಿ 30 ಲಕ್ಷ." ಇದರಲ್ಲಿ ಆಗದ ಕೆಲಸವನ್ನು ಆಗಿದೆ ಎಂದು ಬರೆಯಬೇಡಿ.

ಭಾನುವಾರದ ಬೆಳಗನ್ನು ಬೇಕೆಂದೇ ಹೇಳಿದೆ. 2023ರಲ್ಲಿ ಎಕ್ಸ್‌ಪ್ರೆಸ್‌ವೇ ತೆರೆದ ಮೇಲೆ ಬೆಂಗಳೂರಿನವರು ಬೆಳಗ್ಗೆ ಹೊರಟು ನಾಲ್ಕು ಮನೆ ನೋಡಿ ಸಂಜೆಗೆ ಹಿಂದಿರುಗುತ್ತಾರೆ. ಬೀಗದ ಕೈಯವರು ದೇವಸ್ಥಾನಕ್ಕೆ ಹೋಗಿದ್ದಾರೆ ಎಂದರೆ ಅವರು ಕಾಯುವುದಿಲ್ಲ. ಪಕ್ಕದ ಮನೆಯವರ ಉಪಕಾರದ ಮೇಲೆ ಇದನ್ನು ಬಿಡದೆ, ಬ್ರೋಕರ್ ಅಥವಾ ಹಣ ಕೊಟ್ಟು ಗೊತ್ತು ಮಾಡಿದ ಒಬ್ಬರ ಕೈಯಲ್ಲಿ ಕೀ ಇರಲಿ. ಫೋನು ಎತ್ತುವುದು ಹಗಲು ಬಿಡುವಿರುವವರ ಕೆಲಸವಾಗಲಿ, ನಿಮಗೆ ಸಾಧ್ಯವಾದರೆ ನೀವೇ.

ಬೇರೆ ದಾರಿಗಳು

ಬೆಲೆ ಇಳಿಸಲು ಮನೆಯವರು ಒಪ್ಪದಿದ್ದರೆ ತಿಂಗಳ ಬಾಡಿಗೆಗೆ ಕೊಟ್ಟು ಒಂದೆರಡು ವರ್ಷ ಕಾಯಬಹುದು. ಭೂಮಿಯ ಬೆಲೆ ಏರಬಹುದು, ಕಟ್ಟಡದ ಬೆಲೆ ಪ್ರತಿವರ್ಷ ಇಳಿಯುವುದಂತೂ ಖಚಿತ. ಮತ್ತೆ ಮಾರುವಾಗ ಬಾಡಿಗೆದಾರರನ್ನು ಬಿಡಿಸುವ ಕೆಲಸ ಎದುರಾಗುತ್ತದೆ. ಇನ್ನೊಂದು, ಹಳೇ ಮನೆ ಸಹಿತ ಸೈಟು ಎಂದು ಜಾಹೀರಾತು ಹಾಕಿ, ಕೆಡವಿ ಕಟ್ಟುವವರನ್ನು ಹುಡುಕುವುದು. ವ್ಯವಹಾರ ಬೇಗ ಮುಗಿಯಬಹುದು, ಆದರೆ ಸಿಗುವುದು ಒಂದು ಕೋಟಿಯ ಆಸುಪಾಸು, ಕೆಡವುವ ಖರ್ಚನ್ನೂ ಅವರು ಅದರಲ್ಲೇ ಕಳೆಯುತ್ತಾರೆ. ವಾಸಕ್ಕೆ ಯೋಗ್ಯವಾದ ಮನೆಗೆ ಇದನ್ನು ಕೊನೆಗೆ ಇಟ್ಟುಕೊಳ್ಳಿ.

ಈಗ ಕಾರ್ತಿಕ ಮುಗಿಯುತ್ತಿದೆ, ಡಿಸೆಂಬರ್ ನಡುವಿನಿಂದ ಧನುರ್ಮಾಸ. ಆ ತಿಂಗಳಲ್ಲಿ ಮನೆಯ ಮಾತು ಆಡುವವರೇ ಕಡಿಮೆ. ಅಷ್ಟರಲ್ಲಿ ವಂಶವೃಕ್ಷ, ಪೌತಿ ಖಾತೆ, ಇ-ಖಾತೆಗೆ ಅರ್ಜಿ ಹಾಕಿ, ಭೋಗ್ಯದವರ ಜೊತೆ ಮಾತು ಮುಗಿಸಿ, ಮೌಲ್ಯಮಾಪಕರ ವರದಿ ತರಿಸಿ. ಜಾಹೀರಾತನ್ನು ಪೂರ್ತಿ ತೆಗೆದುಬಿಡಿ. ಇ-ಖಾತೆ ಕೈಗೆ ಬಂದಿದ್ದರೆ ಸಂಕ್ರಾಂತಿಯ ಮರುವಾರ ಹೊಸದಾಗಿ ಹಾಕಿ, ಬರದಿದ್ದರೆ ಬರುವವರೆಗೆ ಕಾಯಿರಿ. ಯುಗಾದಿಗೆ ಒಪ್ಪಂದ ಮಾಡಿಕೊಂಡು ಮಕ್ಕಳ ಶಾಲೆ ತೆರೆಯುವ ಮುಂಚೆ ಮನೆ ಸೇರಬೇಕು ಎನ್ನುವವರು ಆಗಲೇ ಹುಡುಕಲು ಶುರು ಮಾಡುತ್ತಾರೆ. ಆರು ವಾರದಲ್ಲಿ ಹತ್ತು ಜನರಾದರೂ ಬಂದು ನೋಡದಿದ್ದರೆ ಬೆಲೆಯನ್ನು ಇನ್ನು ಶೇ 5ರಷ್ಟು ಒಮ್ಮೆಗೇ ಇಳಿಸಿ. ಹತ್ತು ಜನ ಬಂದು ಒಬ್ಬರೂ ಎರಡನೇ ಸಲ ಬರದಿದ್ದರೆ ಬೆಲೆ ಮುಟ್ಟಬೇಡಿ, ಅವರು ಏನೆಂದರು ಎಂಬುದನ್ನು ಬರೆದು ಕಳುಹಿಸಿ. ಮನೆಯೊಳಗೆ ಏನು ಮಾಡಿಸಬೇಕು ಎಂದು ಆಗ ನೋಡೋಣ.